ಬಂಡೀಪುರದಿಂದ ಕಾಳಿಯವರೆಗೆ: ಕರ್ನಾಟಕದ ರಾಷ್ಟ್ರೀಯ ಉದ್ಯಾನಗಳಿಗೆ ಕಾರಿನಲ್ಲಿ ಹೊರಡುವವರಿಗೆ

ಕರ್ನಾಟಕದಲ್ಲಿ ರಾಷ್ಟ್ರೀಯ ಉದ್ಯಾನಗಳು ಐದು: ಬನ್ನೇರುಘಟ್ಟ, ಬಂಡೀಪುರ, ನಾಗರಹೊಳೆ, ಕುದುರೆಮುಖ, ಅಣಶಿ. ಬೆಂಗಳೂರಿನ ಅಂಚಿನ ಬನ್ನೇರುಘಟ್ಟವನ್ನು ಬೇರೊಂದು ದಿನಕ್ಕೆ ಇಟ್ಟುಕೊಂಡರೆ ಉಳಿದ ನಾಲ್ಕನ್ನು ಒಂದೇ ಪ್ರಯಾಣದಲ್ಲಿ ನೋಡಬಹುದು. ಗುಂಡ್ಲುಪೇಟೆಯ ಒಣ ಕಾಡಿನಲ್ಲಿ ಹೊರಟು, ಕಬಿನಿಯ ಹಿನ್ನೀರು, ಕೊಡಗಿನ ಅಂಚು, ಕುದುರೆಮುಖದ ಹುಲ್ಲುಬೆಟ್ಟಗಳನ್ನು ದಾಟಿ, ಕರಾವಳಿಗಿಳಿದು, ಕಾರವಾರದಿಂದ ಮತ್ತೆ ಘಟ್ಟ ಹತ್ತಿ ದಾಂಡೇಲಿಯಲ್ಲಿ ಮುಗಿಯುವ ದಾರಿ ಇದು. ಹತ್ತು ದಿನ ಬೇಕು. ಅದಕ್ಕಿಂತ ಕಡಿಮೆ ರಜೆ ಇದ್ದರೆ ಎರಡೇ ಉದ್ಯಾನಗಳನ್ನು ಆರಿಸಿಕೊಂಡು ನಿಧಾನವಾಗಿ ನೋಡಿ. ನಾಲ್ಕನ್ನೂ ಮುಟ್ಟಿ ಓಡಿ ಬಂದವರಿಗೆ ಉಳಿಯುವುದು ಡಾಂಬರು ರಸ್ತೆಯ ನೆನಪು ಮಾತ್ರ.

ಈ ನಾಲ್ಕು ಕಾಡುಗಳನ್ನು ಒಟ್ಟಿಗೆ ನೋಡಿ ಎಂದು ನಾನು ಹೇಳುವುದಕ್ಕೆ ಕಾರಣವಿದೆ. ನಾಲ್ಕೂ ಉಳಿದುಕೊಂಡ ಬಗೆ ಬೇರೆ ಬೇರೆ. ಒಂದು ಅರಸರ ಬೇಟೆಯ ಕಾಡಾಗಿದ್ದದ್ದರಿಂದ ಉಳಿಯಿತು. ಇನ್ನೊಂದನ್ನು ಕಾಡಿನೊಳಗೇ ಬದುಕು ಸವೆಸಿದ ಅರಣ್ಯ ಸಿಬ್ಬಂದಿ ಮತ್ತು ವಿಜ್ಞಾನಿಗಳು ಉಳಿಸಿದರು, ಅದರ ಬೆಲೆಯನ್ನು ತೆತ್ತವರು ಆದಿವಾಸಿಗಳು. ಮೂರನೆಯದು ನ್ಯಾಯಾಲಯದಲ್ಲಿ ಉಳಿಯಿತು. ನಾಲ್ಕನೆಯದು ಅಣೆಕಟ್ಟು, ಗಣಿ, ಮರಮುಟ್ಟುಗಳ ನಡುವೆ ಅಷ್ಟಿಷ್ಟು ಉಳಿದುಕೊಂಡಿದೆ. ಇದನ್ನು ತಿಳಿದು ಹೋದವರಿಗೆ ಹುಲಿ ಕಾಣದ ಸಫಾರಿಯೂ ಖಾಲಿ ಎನಿಸುವುದಿಲ್ಲ.

ಹೊರಡುವ ಮೊದಲು

ತಿಂಗಳನ್ನು ಆರಿಸುವುದೇ ಮೊದಲ ಹೆಜ್ಜೆ. ನಾಲ್ಕೂ ಕಾಡಿಗೆ ಒಂದೇ ಒಳ್ಳೆಯ ಕಾಲವೆಂಬುದು ಇಲ್ಲ. ಕಬಿನಿಯಲ್ಲಿ ಆನೆಗಳ ಹಿಂಡು ನೋಡಬೇಕಾದರೆ ಏಪ್ರಿಲ್, ಮೇ. ಆದರೆ ಆ ಹೊತ್ತಿಗೆ ಕುದುರೆಮುಖದ ಹುಲ್ಲು ಒಣಗಿರುತ್ತದೆ, ಕಾಡ್ಗಿಚ್ಚಿನ ಭಯದಿಂದ ಚಾರಣವನ್ನು ನಿಲ್ಲಿಸುವುದೂ ಉಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ರಸ್ತೆಗಳಲ್ಲಿ ಮಣ್ಣು ಕುಸಿಯುತ್ತದೆ. ಇಡೀ ಸುತ್ತನ್ನು ಒಂದೇ ಬಾರಿಗೆ ಮಾಡುವುದಾದರೆ ನವೆಂಬರ್ ಮಧ್ಯದಿಂದ ಜನವರಿ ಕೊನೆಯವರೆಗಿನ ಅವಧಿಯನ್ನು ನಾನು ಸೂಚಿಸುತ್ತೇನೆ. ಹಸಿರು ಇನ್ನೂ ಇರುತ್ತದೆ, ರಸ್ತೆ ಗಟ್ಟಿಯಾಗಿರುತ್ತದೆ, ಬೆಳಗಿನ ಮಂಜು ಕರಗುವವರೆಗೆ ಪ್ರಾಣಿಗಳು ಬಯಲಿನಲ್ಲಿರುತ್ತವೆ.

ಎರಡನೆಯದು ಬುಕಿಂಗ್. ಸಫಾರಿ, ಚಾರಣ, ಅರಣ್ಯ ಇಲಾಖೆಯ ವಸತಿ ಇವುಗಳನ್ನು ಸರ್ಕಾರದ ಅಧಿಕೃತ ಜಾಲತಾಣಗಳಲ್ಲಿ ಮಾತ್ರ ಕಾಯ್ದಿರಿಸಿ. ಕಬಿನಿಯ ಕಡೆ ಸಫಾರಿಗಳನ್ನು ಹೆಚ್ಚಾಗಿ ನಡೆಸುವುದು ಸರ್ಕಾರಿ ಸಂಸ್ಥೆಯಾದ ಜಂಗಲ್ ಲಾಡ್ಜಸ್. ವಾರಾಂತ್ಯದ ಸೀಟುಗಳು ಬೇಗ ಮುಗಿಯುತ್ತವೆ, ಹಾಗಾಗಿ ಬಂಡೀಪುರ ಮತ್ತು ಕಬಿನಿ ವಾರದ ನಡುವೆ ಬರುವಂತೆ ಪ್ರಯಾಣದ ದಿನಗಳನ್ನು ಹೊಂದಿಸಿ. ಗುರುತಿನ ಚೀಟಿಯ ಮೂಲ ಪ್ರತಿ ಜೊತೆಗಿರಲಿ. ಹೊರಡುವ ಹಿಂದಿನ ದಿನ ಸಫಾರಿ ನಡೆಯುತ್ತಿದೆಯೇ ಎಂದು ಮತ್ತೊಮ್ಮೆ ವಿಚಾರಿಸಿ. 2025ರ ನವೆಂಬರ್‌ನಲ್ಲಿ ಕಾಡಂಚಿನ ಊರುಗಳಲ್ಲಿ ಹುಲಿ ದಾಳಿಗೆ ಜನರು ಬಲಿಯಾದಾಗ ಬಂಡೀಪುರ, ನಾಗರಹೊಳೆ ಎರಡರಲ್ಲೂ ಸಫಾರಿಯನ್ನು ನಿಲ್ಲಿಸಲಾಗಿತ್ತು. ಹೊಲಕ್ಕೆ ಹೋಗಲು ಹೆದರುತ್ತಿರುವ ರೈತನ ಊರಿನ ಪಕ್ಕದಲ್ಲಿ ಪ್ರವಾಸಿಗರ ಜೀಪು ಓಡಬಾರದು ಎಂಬುದು ನ್ಯಾಯವಾದ ಮಾತು. ಅಂಥ ಸಮಯದಲ್ಲಿ ಪ್ರವಾಸವನ್ನು ಮುಂದಕ್ಕೆ ಹಾಕಿ.

ಮೂರನೆಯದು ಕಾರು. ದೊಡ್ಡ ವಾಹನವೇ ಬೇಕೆಂದಿಲ್ಲ, ಈ ದಾರಿಯಲ್ಲಿ ಸಾಮಾನ್ಯ ಕಾರು ಸಾಕು. ಬ್ರೇಕು, ಟೈರು, ವೈಪರ್, ಮಂಜಿನ ದೀಪ ನೋಡಿಸಿಕೊಳ್ಳಿ. ಇಂಧನವನ್ನು ಗುಂಡ್ಲುಪೇಟೆ, ಹುಣಸೂರು, ಮೂಡಿಗೆರೆ, ಕಾರ್ಕಳ, ಕಾರವಾರಗಳಲ್ಲಿ ತುಂಬಿಸಿಕೊಂಡೇ ಮುಂದೆ ಹೋಗಿ. ಕಾಡಿನೊಳಗೆ ಮೊಬೈಲ್ ಸಿಗ್ನಲ್ ಬಹುಪಾಲು ಇರುವುದಿಲ್ಲ. ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಚೆಕ್‌ಪೋಸ್ಟುಗಳಿಗೆ ಸ್ವಲ್ಪ ನಗದು ಇಟ್ಟುಕೊಳ್ಳಿ. ನೀರಿಗೆ ಸ್ಟೀಲ್ ಬಾಟಲಿ ಒಯ್ಯಿರಿ. ಬಟ್ಟೆ ಮಂಕು ಬಣ್ಣದ್ದಾಗಿರಲಿ. ದುರ್ಬೀನು ಒಂದಿದ್ದರೆ ಕ್ಯಾಮೆರಾಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮೊದಲ ಹಂತ: ಬಂಡೀಪುರ, ಎರಡು ದಿನ

ಮೈಸೂರಿನಿಂದ ನಂಜನಗೂಡು, ಗುಂಡ್ಲುಪೇಟೆ ಮಾರ್ಗವಾಗಿ ಬಂಡೀಪುರ ಸುಮಾರು 80 ಕಿಲೋಮೀಟರ್. ಮಧ್ಯಾಹ್ನದೊಳಗೆ ಸೇರಿಕೊಂಡರೆ ಸಂಜೆಯ ಸಫಾರಿ ಸಿಗುತ್ತದೆ. ಎರಡನೆಯ ದಿನ ಬೆಳಗಿನ ಸಫಾರಿಗೂ ಹೋಗಿ. ಬೆಳಕು, ಸದ್ದು, ಪ್ರಾಣಿಗಳ ಓಡಾಟ ಎರಡೂ ಹೊತ್ತಿನಲ್ಲಿ ಬೇರೆಬೇರೆಯಾಗಿರುತ್ತವೆ.

ಇದು ಮೈಸೂರು ಅರಸರ ಬೇಟೆಯ ಕಾಡು. 1931ರಲ್ಲಿ ಇಲ್ಲಿ ಸುಮಾರು 90 ಚದರ ಕಿಲೋಮೀಟರಿನ ವನ್ಯಧಾಮ ರೂಪುಗೊಂಡಿತು. 1941ರಲ್ಲಿ ಅದು ವಿಸ್ತಾರವಾಗಿ ವೇಣುಗೋಪಾಲ ವನ್ಯಜೀವಿ ಉದ್ಯಾನವಾಯಿತು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರನ್ನೇ ಕಾಡಿಗೆ ಇಟ್ಟರು. ಸ್ವಾತಂತ್ರ್ಯದ ನಂತರದ ದಶಕಗಳಲ್ಲಿ ದೇಶದ ಎಲ್ಲೆಡೆ ಬೇಟೆ ಮತ್ತು ಮರ ಕಡಿತ ಎರಡೂ ಹೆಚ್ಚಾದವು. 1972ರಲ್ಲಿ ಲೆಕ್ಕ ಹಾಕಿದಾಗ ಭಾರತದಲ್ಲಿ ಉಳಿದಿದ್ದ ಹುಲಿಗಳು 1,827. ಅದೇ ವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿತು. 1973ರ ಏಪ್ರಿಲ್ 1ರಂದು ಹುಲಿ ಯೋಜನೆ ಆರಂಭವಾದಾಗ ಆರಿಸಿಕೊಂಡ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಇತ್ತು. ಆಗ ಇಲ್ಲಿ ಲೆಕ್ಕಕ್ಕೆ ಸಿಕ್ಕ ಹುಲಿಗಳು ಹನ್ನೆರಡು. 2022ರ ಅಂದಾಜಿನಲ್ಲಿ ಆ ಸಂಖ್ಯೆ 150. ಎಣಿಕೆಯ ವಿಧಾನ ಬದಲಾಗಿರುವುದರಿಂದ ಎರಡನ್ನೂ ನೇರವಾಗಿ ತಾಳೆ ಹಾಕುವಂತಿಲ್ಲ. ಆದರೂ ಐವತ್ತು ವರ್ಷಗಳ ಕಾವಲಿನ ಫಲ ಕಣ್ಣಿಗೆ ಕಾಣುತ್ತದೆ.

ಸಫಾರಿ ವಾಹನದಲ್ಲಿ ಕುಳಿತಾಗ ಪೊದೆಗಳನ್ನು ಗಮನಿಸಿ. ಬಣ್ಣಬಣ್ಣದ ಪುಟ್ಟ ಹೂಗಳ, ಮುಳ್ಳಿನ ಲಂಟಾನ ಎಲ್ಲೆಲ್ಲೂ ಹಬ್ಬಿದೆ. ಬ್ರಿಟಿಷರ ಕಾಲದಲ್ಲಿ ಉದ್ಯಾನಗಳ ಅಲಂಕಾರಕ್ಕೆಂದು ತಂದ ಈ ಗಿಡ ಇವತ್ತು ಹುಲ್ಲನ್ನು ನುಂಗಿ ಜಿಂಕೆ, ಕಾಟಿಗಳ ಮೇವನ್ನು ಕಸಿದುಕೊಂಡಿದೆ. ಬೇಸಿಗೆಯಲ್ಲಿ ಒಣಗಿದ ಲಂಟಾನ ಬೆಂಕಿಯನ್ನು ಮರದ ತುದಿಗೆ ಏರಿಸುತ್ತದೆ. 2019ರ ಫೆಬ್ರುವರಿಯಲ್ಲಿ ಇಲ್ಲಿ ಸಾವಿರಾರು ಎಕರೆ ಕಾಡು ಸುಟ್ಟಿತು. ರಸ್ತೆಯ ಇಕ್ಕೆಲಗಳಲ್ಲಿ ಬೋಳಾಗಿ ಕಾಣುವ ಪಟ್ಟಿಗಳು ಬೆಂಕಿ ಹರಡದಂತೆ ಪ್ರತಿವರ್ಷ ಬೇಸಿಗೆಗೆ ಮೊದಲು ಸಿಬ್ಬಂದಿ ಮಾಡುವ ಬೆಂಕಿ ರೇಖೆಗಳು. ಅದು ಎಷ್ಟು ಮೈಮುರಿಯುವ ಕೆಲಸ ಎಂಬುದು ಅಲ್ಲಿನ ವಾಚರ್‌ಗಳನ್ನು, ಅಂದರೆ ಕಾಡು ಕಾಯುವ ಸಿಬ್ಬಂದಿಯನ್ನು, ಮಾತನಾಡಿಸಿದರೆ ತಿಳಿಯುತ್ತದೆ. ಮಾತನಾಡಿಸಿ, ಅವರಿಗೆ ಹೇಳಲು ಬೇಕಾದಷ್ಟಿದೆ.

ಬಂಡೀಪುರದಲ್ಲಿ ಪ್ರವಾಸಿಗರು ಕಲಿಯಬೇಕಾದ ದೊಡ್ಡ ಪಾಠ ರಸ್ತೆಯದು. ಗುಂಡ್ಲುಪೇಟೆಯಿಂದ ಕೇರಳದ ಸುಲ್ತಾನ್ ಬತ್ತೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766, ಊಟಿಯ ಕಡೆಗೆ ಹೋಗುವ ಹೆದ್ದಾರಿ 181 ಎರಡೂ ಈ ಕಾಡನ್ನು ಸೀಳಿಕೊಂಡು ಹೋಗುತ್ತವೆ. ರಾತ್ರಿ ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದವು. 2009ರ ಜೂನ್‌ನಲ್ಲಿ ಚಾಮರಾಜನಗರ ಜಿಲ್ಲಾಡಳಿತ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧಿಸಿತು. ಒತ್ತಡ ಬಂದು ಕೆಲವೇ ದಿನಗಳಲ್ಲಿ ಆ ಆದೇಶ ಹಿಂದಕ್ಕೆ ಹೋಯಿತು. ವಿಷಯ ಹೈಕೋರ್ಟಿಗೆ ಹೋಗಿ, 2010ರ ಮಾರ್ಚ್‌ನಲ್ಲಿ ನ್ಯಾಯಾಲಯ ನಿಷೇಧವನ್ನು ಎತ್ತಿ ಹಿಡಿಯಿತು. ತುರ್ತು ವಾಹನಗಳು ಮತ್ತು ಬೆರಳೆಣಿಕೆಯ ಬಸ್ಸುಗಳಿಗೆ ಮಾತ್ರ ವಿನಾಯಿತಿ. ಅಂದಿನಿಂದ ಇದನ್ನು ಸಡಿಲಿಸಬೇಕು ಎಂಬ ಒತ್ತಾಯ ಮತ್ತೆಮತ್ತೆ ಕೇಳಿಬರುತ್ತಲೇ ಇದೆ. ಹಗಲೆಲ್ಲ ನಮಗೆ ಬಿಟ್ಟುಕೊಟ್ಟ ರಸ್ತೆಯನ್ನು ಒಂಬತ್ತು ಗಂಟೆಗಳ ಕಾಲ ಕಾಡಿಗೆ ಹಿಂದಿರುಗಿಸುವುದು ದೊಡ್ಡ ತ್ಯಾಗವೇನಲ್ಲ. ಈ ನಿಷೇಧ ಉಳಿಯಲೇಬೇಕು.

ಹಗಲಿನಲ್ಲಿ ಓಡಿಸುವಾಗ ಏನು ಮಾಡಬೇಕು? ಗಂಟೆಗೆ 30, 40 ಕಿಲೋಮೀಟರ್ ವೇಗ ಸಾಕು. ಹಾರ್ನ್ ಬೇಡ, ಹಾಡು ಬೇಡ. ಕಾಡಿನ ರಸ್ತೆಯಲ್ಲಿ ಎಲ್ಲೂ ಕಾರು ನಿಲ್ಲಿಸಬೇಡಿ, ಇಳಿಯಲಂತೂ ಬೇಡಿ. ಮಂಗಗಳಿಗೆ ಒಂದು ಬಿಸ್ಕತ್ತನ್ನೂ ಎಸೆಯಬೇಡಿ. ರಸ್ತೆಗೆ ಬಂದು ತಿನ್ನುವುದನ್ನು ಕಲಿತ ಮಂಗ ಮರಿಗಳ ಸಮೇತ ಚಕ್ರದಡಿ ಸಾಯುತ್ತದೆ. ಈ ಹೆದ್ದಾರಿಯಲ್ಲಿ ಕೆಲವು ಆನೆಗಳು ತರಕಾರಿ ಲಾರಿಗಳನ್ನು ಕಾಯುತ್ತಾ ನಿಲ್ಲುವ ಅಭ್ಯಾಸ ಬೆಳೆಸಿಕೊಂಡಿವೆ, ಅದನ್ನು ಕಲಿಸಿದವರು ನಾವೇ. ಆನೆ ರಸ್ತೆಯಲ್ಲಿದ್ದರೆ ದೂರದಲ್ಲೇ ತಡೆದುಕೊಂಡು, ಎಂಜಿನ್ ಆರಿಸದೆ, ಕಿಟಕಿ ಏರಿಸಿ ಕಾಯಿರಿ. ಹಿಂದೆ ಸರಿಯಲು ಜಾಗ ಇಟ್ಟುಕೊಂಡಿರಿ. ಕಿವಿ ಅಗಲಿಸಿ ನಿಮ್ಮತ್ತ ತಿರುಗಿದರೆ ನಿಧಾನವಾಗಿ ಹಿಂದಕ್ಕೆ ಹೋಗಿ. 2025ರ ಆಗಸ್ಟ್‌ನಲ್ಲಿ ಇದೇ ಕಾಡಿನ ರಸ್ತೆಯಲ್ಲಿ ಕೆಳಗಿಳಿದು ಆನೆಯ ಜೊತೆ ಸೆಲ್ಫಿಗೆ ಹೋದವರೊಬ್ಬರನ್ನು ಆನೆ ಅಟ್ಟಿಸಿಕೊಂಡು ಬಂದು ತುಳಿಯಿತು. ಅವರು ಬದುಕಿದರು, ಇಲಾಖೆ 25,000 ರೂಪಾಯಿ ದಂಡ ಹಾಕಿತು.

ಎರಡನೆಯ ದಿನ ಮಧ್ಯಾಹ್ನ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿ ಬನ್ನಿ. ಖಾಸಗಿ ವಾಹನಗಳನ್ನು ಬುಡದಲ್ಲೇ ನಿಲ್ಲಿಸಬೇಕು, ಅಲ್ಲಿಂದ ಸರ್ಕಾರಿ ಬಸ್ಸು. ಮೇಲಿನಿಂದ ನೋಡಿದರೆ ಬಂಡೀಪುರ, ಮುದುಮಲೈ, ವಯನಾಡು ಮೂರೂ ಒಂದೇ ಕಾಡು ಎಂಬುದು ಅರ್ಥವಾಗುತ್ತದೆ. 1986ರಲ್ಲಿ ರೂಪುಗೊಂಡ ದೇಶದ ಮೊದಲ ಜೀವಗೋಲ ಮೀಸಲು ಪ್ರದೇಶವಾದ ನೀಲಗಿರಿಯ ಭಾಗಗಳಿವು.

ಒಂದು ದಿನ ಹೆಚ್ಚಿಗೆ ಇದ್ದವರು ಬಂಡೀಪುರಕ್ಕೆ ಮೊದಲು ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಬಹುದು. ಅದು ರಾಷ್ಟ್ರೀಯ ಉದ್ಯಾನವಲ್ಲ, ಹುಲಿ ಮೀಸಲು ಪ್ರದೇಶ. ಅಲ್ಲಿನ ಸೋಲಿಗ ಆದಿವಾಸಿಗಳಿಗೆ 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯದ ಹಕ್ಕುಗಳು ದೊರೆತವು. ಹುಲಿ ಮೀಸಲಿನೊಳಗೆ ಇಂಥ ಹಕ್ಕು ದೊರೆತದ್ದು ದೇಶದಲ್ಲಿ ಅದೇ ಮೊದಲು. ಮುಂದಿನ ಹಂತದಲ್ಲಿ ನೀವು ನೋಡಲಿರುವ ನಾಗರಹೊಳೆಯ ಕಥೆ ಬೇರೆಯೇ ಆಗಿರುವುದರಿಂದ ಈ ಸಂಗತಿ ಮನಸ್ಸಿನಲ್ಲಿರಲಿ.

ಎರಡನೆಯ ಹಂತ: ಕಬಿನಿ ಮತ್ತು ನಾಗರಹೊಳೆ, ಮೂರು ದಿನ

ಬಂಡೀಪುರದಿಂದ ಗುಂಡ್ಲುಪೇಟೆಗೆ ಹಿಂದಿರುಗಿ, ಬೇಗೂರಿನಲ್ಲಿ ಎಡಕ್ಕೆ ತಿರುಗಿ, ಸರಗೂರು, ಹೆಗ್ಗಡದೇವನಕೋಟೆ ದಾಟಿ ಅಂತರಸಂತೆಯ ಕಡೆ ಹೋಗಿ. ಊರುಗಳ ನಡುವಿನ ಈ ದಾರಿಯಲ್ಲಿ ಹತ್ತಿ, ರಾಗಿ ಹೊಲಗಳನ್ನೂ ಆನೆ ಕಂದಕಗಳನ್ನೂ ನೋಡುತ್ತಾ ಹೋಗುತ್ತೀರಿ. ಕಾಡಿನ ಅಂಚಿನಲ್ಲಿ ಬೆಳೆ ಕಾಯುವ ಮಂದಿಯ ಅಟ್ಟಣೆಗಳೂ ಕಾಣುತ್ತವೆ. ರಾಜ್ಯದಲ್ಲಿ ಆನೆಗಳ ಸಂಖ್ಯೆ 2023ರ ಗಣತಿಯಂತೆ 6,395, ದೇಶದಲ್ಲೇ ಅತಿ ಹೆಚ್ಚು. ಆ ಹೆಮ್ಮೆಯ ಒಂದು ಪಾಲನ್ನು ಈ ಅಟ್ಟಣೆಗಳ ಮೇಲೆ ನಿದ್ದೆಗೆಟ್ಟು ಕೂರುವವರು ತೆರುತ್ತಿದ್ದಾರೆ.

ಎರಡು ರಾತ್ರಿ ಕಬಿನಿಯ ಹತ್ತಿರ ತಂಗಿ. ಒಂದು ದೋಣಿ ಸಫಾರಿ, ಒಂದು ಜೀಪು ಅಥವಾ ಬಸ್ ಸಫಾರಿ ಸಾಕು. ಖಾಸಗಿ ರೆಸಾರ್ಟುಗಳು ದುಬಾರಿ ಎನಿಸಿದರೆ ಹೆಗ್ಗಡದೇವನಕೋಟೆಯಲ್ಲಿ ಉಳಿದು ದಮ್ಮನಕಟ್ಟೆಯಿಂದ ಇಲಾಖೆಯ ಸಫಾರಿಗೆ ಹೋಗಬಹುದು. ದೋಣಿಯಲ್ಲಿ ಸಾಗುವಾಗ ನೀರಿನಿಂದ ಮೇಲೆದ್ದ ಒಣ ಮರಗಳನ್ನು ನೋಡುತ್ತೀರಿ. 1974ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟು ಮುಗಿದಾಗ ಮುಳುಗಿದ ಕಾಡಿನ ಉಳಿಕೆ ಅವು. ಮುಳುಗಿದ ಜಾಗದಲ್ಲಿ ಕಾಕನಕೋಟೆಯ ಖೆಡ್ಡಾದ ನೆಲವೂ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಯಾಂಡರ್ಸನ್ ಎಂಬ ಬ್ರಿಟಿಷ್ ಅಧಿಕಾರಿ ಮೈಸೂರು ಸೀಮೆಯಲ್ಲಿ ರೂಢಿಗೆ ತಂದ ಈ ಪದ್ಧತಿಯಲ್ಲಿ ಕಾಡಾನೆಗಳ ಹಿಂಡನ್ನೇ ಅಟ್ಟಿ, ಹೊಳೆ ದಾಟಿಸಿ, ಗಟ್ಟಿ ಮರದ ಬೇಲಿಯೊಳಗೆ ಕೂಡಿ ಹಿಡಿಯುತ್ತಿದ್ದರು. ಅರಸರ ಅತಿಥಿಗಳು ಕೂತು ನೋಡಲು ವ್ಯವಸ್ಥೆ ಇರುತ್ತಿತ್ತು. ಆನೆಯ ಜಾಡು ಹಿಡಿದು ಹಿಂಡನ್ನು ಅಟ್ಟುವ ಅಪಾಯದ ಕೆಲಸ ಈ ಕಾಡಿನ ಆದಿವಾಸಿಗಳಾದ ಜೇನುಕುರುಬರು, ಬೆಟ್ಟಕುರುಬರದಾಗಿತ್ತು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಈಗ ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಅದೇ ಸುತ್ತಿನ ಕೆಸರಿನಲ್ಲಿ ಹಸಿ ಹುಲ್ಲು ಚಿಗುರಿ ನೂರಾರು ಆನೆಗಳು ಬಂದು ಸೇರುತ್ತವೆ.

ಮೂರನೆಯ ದಿನ ಕಬಿನಿಯಿಂದ ಹುಣಸೂರಿನ ಕಡೆ ಬಂದು, ವೀರನಹೊಸಹಳ್ಳಿ ಗೇಟಿನ ಮೂಲಕ ನಾಗರಹೊಳೆಯೊಳಗೆ ಹಾದು ಕುಟ್ಟ ಸೇರಿ. ಈ ರಸ್ತೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ, ಆದ್ದರಿಂದ ಮಧ್ಯಾಹ್ನ ಮೂರರೊಳಗೆ ಗೇಟು ದಾಟುವಂತೆ ಹೊರಡಿ. ಬಂಡೀಪುರಕ್ಕಿಂತ ಮಳೆ ಹೆಚ್ಚು, ಮರಗಳು ಎತ್ತರ. ನಡುನಡುವೆ ಹಡ್ಲು ಎಂದು ಕರೆಯುವ ಜೌಗು ಹುಲ್ಲುಗಾವಲುಗಳು ಸಿಗುತ್ತವೆ. ಕಾಟಿ, ಜಿಂಕೆಗಳನ್ನು ನೋಡಲು ಅವುಗಳಿಗಿಂತ ಒಳ್ಳೆಯ ಜಾಗವಿಲ್ಲ. ನಿಧಾನವಾಗಿ ಸಾಗುತ್ತಲೇ ನೋಡಿ.

ನಾಗರಹೊಳೆ 1955ರಲ್ಲಿ ವನ್ಯಧಾಮವಾಯಿತು, 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಕಾಗದದ ಮೇಲಿನ ಘೋಷಣೆ ಕಾಡನ್ನು ಉಳಿಸುವುದಿಲ್ಲ. ಕಳ್ಳಬೇಟೆ, ಮರಗಳ್ಳತನಗಳ ವಿರುದ್ಧ ಇಲ್ಲಿ ವರ್ಷಗಟ್ಟಲೆ ಹಟ ಹಿಡಿದು ನಿಂತವರು ವಲಯ ಅರಣ್ಯಾಧಿಕಾರಿಯಾಗಿದ್ದ ಕೆ. ಎಂ. ಚಿಣ್ಣಪ್ಪ. 1992ರಲ್ಲಿ ಇಲ್ಲಿ ಭುಗಿಲೆದ್ದ ಗಲಭೆಯಲ್ಲಿ ಕಾಡಿಗೇ ಬೆಂಕಿ ಬಿದ್ದಿತು. ಅದೇ ವರ್ಷಗಳಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಇಲ್ಲಿ ಹುಲಿಗಳಿಗೆ ರೇಡಿಯೋ ಕಾಲರ್ ತೊಡಿಸಿ, ಪ್ರಾಣಿ ಹಾದುಹೋದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಇಟ್ಟು ಅಧ್ಯಯನ ನಡೆಸಿದರು. ಪ್ರತಿ ಹುಲಿಯ ಪಟ್ಟೆ ಬೇರೆ. ಚಿತ್ರದಲ್ಲಿ ಒಮ್ಮೆ ಸಿಕ್ಕ ಹುಲಿ ಮತ್ತೆ ಎಷ್ಟು ಬಾರಿ ಸಿಗುತ್ತದೆ ಎಂಬುದರಿಂದ ಸಿಗದೆ ಉಳಿದವುಗಳ ಸಂಖ್ಯೆಯನ್ನೂ ಲೆಕ್ಕ ಹಾಕಬಹುದು. ಹೆಜ್ಜೆ ಗುರುತು ನೋಡಿ ಹುಲಿ ಎಣಿಸುತ್ತಿದ್ದ ಹಳೆಯ ಪದ್ಧತಿಯನ್ನು ಕೈಬಿಟ್ಟು ಇಡೀ ದೇಶ 2006ರಿಂದ ಹಿಡಿದಿರುವ ದಾರಿ ಇದೇ. 2022ರಲ್ಲಿ ನಾಗರಹೊಳೆಯ ಅಂದಾಜು 141 ಹುಲಿಗಳು, ಕರ್ನಾಟಕದ ಒಟ್ಟು 563.

ಇನ್ನೊಂದು ಮುಖವನ್ನೂ ನೋಡದೆ ಈ ಕಾಡನ್ನು ದಾಟಬೇಡಿ. ಜೇನುಕುರುಬ, ಬೆಟ್ಟಕುರುಬ, ಯರವ ಕುಟುಂಬಗಳ ಹಾಡಿಗಳು, ಅಂದರೆ ಆದಿವಾಸಿಗಳ ಪುಟ್ಟ ಊರುಗಳು, ಇದೇ ಕಾಡಿನೊಳಗಿದ್ದವು, ಕೆಲವು ಈಗಲೂ ಇವೆ. 1970ರ ದಶಕದಿಂದ ಅನೇಕರನ್ನು ಯಾವ ಪರಿಹಾರವೂ ಇಲ್ಲದೆ ಹೊರಹಾಕಲಾಯಿತು, ಅವರಲ್ಲಿ ಹಲವರು ಕೊಡಗಿನ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಕೂಲಿಗಳಾದರು. ಮುಂದೆ ಪುನರ್ವಸತಿ ಯೋಜನೆಗಳು ಬಂದವು, ಹುಣಸೂರು ಸಮೀಪದ ನಾಗಾಪುರ ಅಂಥ ಒಂದು ಊರು. ಹೈಕೋರ್ಟ್ ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ ನಾಗರಹೊಳೆಯಿಂದ ನೆಲೆ ಕಳೆದುಕೊಂಡ 3,418 ಕುಟುಂಬಗಳನ್ನು ಗುರುತಿಸಿತು. ಆದಿವಾಸಿಗಳನ್ನು ಹೊರಹಾಕಿದ ಕಾಡಿನಲ್ಲೇ ಖಾಸಗಿ ಹೋಟೆಲೊಂದಕ್ಕೆ ಜಾಗ ಕೊಡಲು ಹೊರಟಾಗ ಹಾಡಿಗಳ ಜನ ಬೀದಿಗಿಳಿದರು, 1997ರಲ್ಲಿ ಹೈಕೋರ್ಟ್ ಅದನ್ನು ತಡೆಯಿತು. 2025ರ ಮೇ ತಿಂಗಳಲ್ಲಿ ಕೆಲವು ಜೇನುಕುರುಬ ಕುಟುಂಬಗಳು ತಮ್ಮ ಪೂರ್ವಿಕರ ಹಾಡಿಗೆ ಮರಳಿ ಗುಡಿಸಲು ಹಾಕಿ ಕೂತವು. ಅರಣ್ಯ ಹಕ್ಕಿಗಾಗಿ ಅವರ ಹೋರಾಟ ಇನ್ನೂ ನಡೆಯುತ್ತಿದೆ. ಹುಲಿ ಬೇಕು ಎನ್ನುವ ನಾನು, ಇವರಿಗೆ ನ್ಯಾಯ ಸಿಗದೆ ಈ ಕಾಡಿನ ಸಂರಕ್ಷಣೆ ಪೂರ್ಣವಾಯಿತೆಂದು ಹೇಳಲಾರೆ. ಪ್ರವಾಸಿಗರಾಗಿ ನಾವು ಮಾಡಬಹುದಾದದ್ದು ಕಡಿಮೆ. ಹಾಡಿಗಳನ್ನು ನೋಟದ ವಸ್ತುವಾಗಿಸಬೇಡಿ, ಅನುಮತಿ ಇಲ್ಲದೆ ಜನರ ಫೋಟೋ ತೆಗೆಯಬೇಡಿ. ಜೇನು ಕೊಳ್ಳುವುದಾದರೆ ಹೆಗ್ಗಡದೇವನಕೋಟೆ, ಹುಣಸೂರುಗಳ ಆದಿವಾಸಿ ಸಹಕಾರ ಸಂಘಗಳಲ್ಲಿ, ಅಂದರೆ ಲ್ಯಾಂಪ್ಸ್ ಸೊಸೈಟಿಗಳಲ್ಲಿ ಕೊಳ್ಳಿ.

ನಡುವಿನ ಒಂದು ದಿನ

ಕುಟ್ಟದಿಂದ ಗೋಣಿಕೊಪ್ಪ, ಮಡಿಕೇರಿ, ಸೋಮವಾರಪೇಟೆ, ಸಕಲೇಶಪುರ, ಮೂಡಿಗೆರೆ, ಕೊಟ್ಟಿಗೆಹಾರ ಮಾರ್ಗವಾಗಿ ಕಳಸಕ್ಕೆ ಇಡೀ ಹಗಲು ಬೇಕಾಗುತ್ತದೆ. ತಿರುವು ಹೆಚ್ಚು, ವಾಂತಿ ಬರುವವರು ಮಾತ್ರೆ ಇಟ್ಟುಕೊಳ್ಳಿ. ಮಡಿಕೇರಿಯಲ್ಲಿ ಪ್ರವಾಸಿ ತಾಣಗಳಿಗೆ ತಿರುಗಿದರೆ ಕಳಸ ತಲುಪುವಷ್ಟರಲ್ಲಿ ಕತ್ತಲಾಗುತ್ತದೆ. ನೇರ ಹೋಗಿ.

ಮೂರನೆಯ ಹಂತ: ಕುದುರೆಮುಖ, ಎರಡು ದಿನ

ಕಳಸದಲ್ಲಿ ಉಳಿದುಕೊಂಡು ಒಂದು ದಿನ ಚಾರಣಕ್ಕೆ, ಒಂದು ದಿನ ಕಾಡಿನ ರಸ್ತೆಗೆ ಇಟ್ಟುಕೊಳ್ಳಿ. ಕುದುರೆಮುಖ ಶಿಖರದ ಚಾರಣ ಮುಳ್ಳೋಡಿಯಿಂದ ಆರಂಭವಾಗುತ್ತದೆ. ದಿನಕ್ಕೆ ಇಂತಿಷ್ಟೇ ಜನರಿಗೆ ಅನುಮತಿ, ಅದನ್ನು ಆನ್‌ಲೈನಿನಲ್ಲೇ ಪಡೆಯಬೇಕು, ಮಾರ್ಗದರ್ಶಿ ಜೊತೆಗಿರಬೇಕು. ಶಿಖರದ ಎತ್ತರ 1,890 ಮೀಟರಿಗೂ ಹೆಚ್ಚು, ಹೋಗಿ ಬರಲು ಬೆಳಗಿನಿಂದ ಸಂಜೆಯಾಗುತ್ತದೆ. ಮಳೆಗಾಲ ಮುಗಿದ ಮೇಲೂ ಇಂಬಳ ಇರುತ್ತವೆ, ಉದ್ದ ಕಾಲುಚೀಲ ಹಾಕಿಕೊಳ್ಳಿ. ನವೆಂಬರಿನಿಂದ ಮೇ ತನಕ ಮಲೆನಾಡಿನಲ್ಲಿ ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಅಪಾಯವೂ ಉಂಟು. ಮೈ ಮುಚ್ಚುವ ಬಟ್ಟೆ, ಉಣುಗು ನಿರೋಧಕ ತೈಲ, ಹಿಂದಿರುಗಿದ ಮೇಲೆ ಬಿಸಿನೀರಿನ ಸ್ನಾನ ತಪ್ಪಿಸಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನವರಿಗೆ ತಿಳಿಸಿ.

ಶಿಖರದ ಹುಲ್ಲುಗಾವಲಿನ ಮಡಿಕೆಗಳಲ್ಲಿ ಗುಂಪು ಗುಂಪಾಗಿ ನಿಂತ ಕಪ್ಪು ಹಸಿರು ಕಾಡೇ ಶೋಲಾ. ಮಳೆನೀರನ್ನು ಹುಲ್ಲು ಹಿಡಿದು, ಶೋಲಾ ಒಳಗಿಳಿಸಿ, ವರ್ಷವಿಡೀ ಹರಿಯುವ ಒರತೆಗಳಾಗಿ ಬಿಡುತ್ತದೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಈ ಬೆಟ್ಟಸಾಲಿನಲ್ಲೇ ಹುಟ್ಟುತ್ತವೆ. ಇಷ್ಟು ಅರ್ಥ ಮಾಡಿಕೊಂಡರೆ ಮುಂದಿನ ದಿನ ರಸ್ತೆಯಲ್ಲಿ ಕಾಣುವುದರ ಗಂಭೀರತೆ ತಿಳಿಯುತ್ತದೆ.

ಕಳಸದಿಂದ ಕುದುರೆಮುಖ ಪಟ್ಟಣಕ್ಕೆ ಬಂದಾಗ ಖಾಲಿ ಮನೆಗಳ ಸಾಲು ಎದುರಾಗುತ್ತದೆ. ಇಲ್ಲಿನ ಕಬ್ಬಿಣದ ಅದಿರನ್ನು ತೆಗೆಯಲು ಕೇಂದ್ರ ಸರ್ಕಾರದ ಕುದುರೆಮುಖ ಕಬ್ಬಿಣ ಅದಿರು ಕಂಪನಿ 1976ರಲ್ಲಿ ಸ್ಥಾಪನೆಯಾಯಿತು. ಅದಿರು ಇರಾನಿಗೆ ಹೋಗಬೇಕಿತ್ತು, ಯೋಜನೆಗೆ ಹಣವೂ ಅಲ್ಲಿಂದಲೇ ಬರಬೇಕಿತ್ತು. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ದೊರೆ ಷಾನ ಆಡಳಿತ ಉರುಳಿತು, ಆದರೂ ಗಣಿ ನಿಲ್ಲಲಿಲ್ಲ. ಅದಿರಿನ ಪುಡಿಯನ್ನು ನೀರಿನಲ್ಲಿ ಕಲಸಿ ಸುಮಾರು 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಉಳಿದ ಕೆಸರನ್ನು ತಡೆಯಲು ಲಕ್ಯಾ ಹೊಳೆಗೆ ಅಣೆಕಟ್ಟು ಕಟ್ಟಿದರು. ಮಳೆಗಾಲದಲ್ಲಿ ಭದ್ರೆಗೆ ಹೂಳು ಇಳಿಯುತ್ತಿತ್ತು.

ಘಟ್ಟದ ಕಾಡಿನ ಅಪರೂಪದ ಮಂಗಗಳಾದ ಸಿಂಗಳೀಕಗಳ ಬಗ್ಗೆ ನಡೆದ ಸಮೀಕ್ಷೆಯ ಬೆನ್ನಿಗೆ, ಗಣಿ ನಡೆಯುತ್ತಿರುವಾಗಲೇ, 1987ರಲ್ಲಿ ಈ ಕಾಡು ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಯಿತು. ಗಣಿಯ ಗುತ್ತಿಗೆ ಮುಗಿದ ಮೇಲೂ ಮುಂದುವರಿಸುವ ಪ್ರಯತ್ನ ನಡೆದಾಗ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದವರು ನಾಗರಹೊಳೆಯ ಅದೇ ಚಿಣ್ಣಪ್ಪ, ಆಗ ಅವರು ನೌಕರಿ ಬಿಟ್ಟಿದ್ದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂದು, 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಗಣಿಯನ್ನು ನಂಬಿದ್ದ ಊರು ಖಾಲಿಯಾಯಿತು, ಕೆಲಸ ಹೋದವರ ಕಷ್ಟವೂ ನಿಜವೇ. ಆದರೆ ಮೂರು ನದಿಗಳ ಬುಡವನ್ನು ಮತ್ತೆ ಕಟ್ಟಿಕೊಡಬಲ್ಲವರು ಯಾರೂ ಇಲ್ಲ. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖವೂ ಅದರಲ್ಲಿತ್ತು.

ಇಲ್ಲಿಂದ ಕಾರ್ಕಳದ ಕಡೆ ಇಳಿಯುವ ರಸ್ತೆ ಉದ್ಯಾನದೊಳಗೇ ಇದೆ. ಚೆಕ್‌ಪೋಸ್ಟಿನಲ್ಲಿ ವಾಹನದ ಸಂಖ್ಯೆ, ಸಮಯ ಬರೆದ ಚೀಟಿ ಕೊಡುತ್ತಾರೆ. ನಿಗದಿತ ಅವಧಿಯಲ್ಲಿ ಇನ್ನೊಂದು ತುದಿ ತಲುಪಬೇಕು, ತಡವಾದರೆ ದಂಡ. ತೊರೆ ಕಂಡಲ್ಲಿ ಕಾರು ನಿಲ್ಲಿಸಿ ನೀರಿಗಿಳಿಯುವುದು, ಅಡುಗೆ ಮಾಡುವುದು, ಬಾಟಲಿ ಎಸೆಯುವುದು ಹೆಚ್ಚಾದದ್ದರಿಂದ ಬಂದ ನಿಯಮ ಇದು. ಸಿಂಗಳೀಕ ನೋಡುವ ಆಸೆಯಿದ್ದರೆ ನಿಧಾನವಾಗಿ ಸಾಗುತ್ತಾ ಮರದ ತುದಿಗಳತ್ತ ಕಣ್ಣಿಡುವ ಕೆಲಸವನ್ನು ಪಕ್ಕದ ಸೀಟಿನವರಿಗೆ ಬಿಡಿ. ಓಡಿಸುವವರ ಕಣ್ಣು ರಸ್ತೆಯ ಮೇಲಿರಲಿ.

ನಾಲ್ಕನೆಯ ಹಂತ: ಅಣಶಿ ಮತ್ತು ಕಾಳಿ, ಎರಡು ದಿನ

ಕಾರ್ಕಳದಿಂದ ಉಡುಪಿ ಮೂಲಕ ಕರಾವಳಿ ಹೆದ್ದಾರಿ ಹಿಡಿದು ಕಾರವಾರಕ್ಕೆ ಹೋಗಿ ಒಂದು ರಾತ್ರಿ ತಂಗಿ. ಮರುದಿನ ಬೆಳಿಗ್ಗೆ ಕದ್ರಾ ದಾಟಿ ಅಣಶಿ ಘಟ್ಟ ಹತ್ತಿ. ಈ ಪ್ರಯಾಣದ ಅತ್ಯಂತ ಸುಂದರ ರಸ್ತೆ ಯಾವುದು ಎಂದು ಕೇಳಿದರೆ ನಾನು ತಡವರಿಸದೆ ಇದನ್ನೇ ಹೇಳುತ್ತೇನೆ. ನಿತ್ಯಹರಿದ್ವರ್ಣದ ಕಾಡು ಎರಡೂ ಕಡೆಯಿಂದ ಬಾಗಿ ಬರುತ್ತದೆ. ಜನಸಂಚಾರ ಕಡಿಮೆ, ತಿರುವುಗಳು ಕಡಿದು. ಹಗಲಿನಲ್ಲೇ ಮುಗಿಸಿ.

ದಾಂಡೇಲಿ 1956ರಲ್ಲಿ ವನ್ಯಧಾಮವಾಗಿತ್ತು. ಅದರ ಒಂದು ಭಾಗವೇ 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನವಾಯಿತು, 2007ರಲ್ಲಿ ಎರಡೂ ಸೇರಿ ಹುಲಿ ಮೀಸಲು ಪ್ರದೇಶವಾದವು. 2015ರಲ್ಲಿ ಅದಕ್ಕೆ ಕಾಳಿ ನದಿಯ ಹೆಸರಿಟ್ಟರು. ಆ ನದಿ ಪಟ್ಟ ಪಾಡು ದೊಡ್ಡದು. ಸುಮಾರು 184 ಕಿಲೋಮೀಟರ್ ಹರಿಯುವ ಕಾಳಿಗೂ ಅದರ ಉಪನದಿಗಳಿಗೂ ಸೂಪಾ, ತಟ್ಟಿಹಳ್ಳ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂದು ಸಾಲು ಸಾಲು ಅಣೆಕಟ್ಟುಗಳು. 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿನಿಂದ ಹಳೆಯ ಸೂಪಾ ಪೇಟೆಯೇ ಮುಳುಗಿ, ತಾಲ್ಲೂಕು ಕೇಂದ್ರ ಜೊಯಿಡಾಕ್ಕೆ ಬಂದಿತು. ತೇಗದ ಮರ, ಬಿದಿರು, ಮ್ಯಾಂಗನೀಸ್ ಗಣಿ ಎಲ್ಲಕ್ಕೂ ಈ ಕಾಡೇ ಮೂಲವಾಗಿತ್ತು. ಇಷ್ಟೆಲ್ಲ ಆದ ಮೇಲೂ ಇಲ್ಲಿ ಹುಲಿ, ಕರಿಚಿರತೆ, ಕಾಳಿಂಗ ಸರ್ಪಗಳು ಉಳಿದಿವೆ ಎಂಬುದು ನನಗೆ ಈ ಇಡೀ ದಾರಿಯಲ್ಲಿ ಅತಿ ಹೆಚ್ಚು ಭರವಸೆ ಕೊಡುವ ಸಂಗತಿ.

ಬಂಡೀಪುರದಂತೆ ಇಲ್ಲಿ ಪ್ರಾಣಿಗಳು ಕಣ್ಣೆದುರು ನಿಲ್ಲುವುದಿಲ್ಲ, ಕಾಡು ದಟ್ಟ. ಸಫಾರಿಗಿಂತ ಹಕ್ಕಿ ನೋಡಲು ಸಮಯ ಕೊಡಿ. ಭಾರತದ ಒಂಬತ್ತು ಜಾತಿಯ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಗಳಲ್ಲಿ ನಾಲ್ಕು ದಾಂಡೇಲಿಯಲ್ಲಿವೆ, ಅವುಗಳಿಗೆಂದೇ 2011ರಲ್ಲಿ ಸಂರಕ್ಷಣಾ ಮೀಸಲು ರೂಪುಗೊಂಡಿತು. ಹೆಣ್ಣು ಹಕ್ಕಿ ಮರದ ಪೊಟರೆಯೊಳಗೆ ಕೂತು ಬಾಗಿಲನ್ನು ಒಂದು ಸೀಳಷ್ಟು ಬಿಟ್ಟು ಮುಚ್ಚಿಕೊಳ್ಳುತ್ತದೆ. ಮರಿಗಳು ಬೆಳೆಯುವವರೆಗೆ ಗಂಡು ಹಣ್ಣು ತಂದು ಆ ಸೀಳಿನಲ್ಲಿ ಉಣಿಸುತ್ತದೆ. ಹೆದರಿ ಗಂಡು ಬರದಿದ್ದರೆ ಒಳಗಿರುವವರಿಗೆ ಉಪವಾಸ. ಆದ್ದರಿಂದ ಜನವರಿಯ ನಂತರ ಹೋದವರು ಗೂಡಿನ ಮರದ ಬಳಿ ಸುಳಿಯಬೇಡಿ, ಗೂಡಿನ ಜಾಗವನ್ನು ಫೋಟೋ ಜೊತೆ ಜಾಲತಾಣಗಳಲ್ಲಿ ಹಾಕಬೇಡಿ. ಹುಲಿ ಕಂಡ ಜಾಗಕ್ಕೂ ಇದೇ ಮಾತು. ಫೋಟೋದಲ್ಲಿ ಸ್ಥಳದ ಗುರುತು ಉಳಿಯದಂತೆ ಮೊಬೈಲಿನ ಆ ಸೌಲಭ್ಯವನ್ನು ಮೊದಲೇ ಆರಿಸಿಡಿ.

ತಂಗಲು ಕುಳಗಿ ಅಥವಾ ಅಣಶಿಯ ಅರಣ್ಯ ಇಲಾಖೆ ಶಿಬಿರಗಳನ್ನು ನೋಡಿ, ಸಿಗದಿದ್ದರೆ ಜೊಯಿಡಾ ಸುತ್ತಮುತ್ತಲ ಹೋಂ ಸ್ಟೇಗಳಿವೆ. ದಾಂಡೇಲಿಯ ರಾಫ್ಟಿಂಗ್ ಅಣೆಕಟ್ಟಿನಿಂದ ನೀರು ಬಿಡುವುದನ್ನು ನಂಬಿಕೊಂಡಿದೆ, ಅದಕ್ಕೆಂದೇ ಒಂದು ದಿನ ತೆಗೆದಿಡುವುದು ನನಗೆ ಅಗತ್ಯವೆನಿಸುವುದಿಲ್ಲ. ಉಳಿದ ದಿನವೇನಾದರೂ ಇದ್ದರೆ ಅದನ್ನು ಬೆಳಗಿನ ಹಕ್ಕಿ ವೀಕ್ಷಣೆಗೆ ಬಳಸಿ. ಸ್ಥಳೀಯ ಮಾರ್ಗದರ್ಶಿಯೊಬ್ಬರನ್ನು ಹಿಂದಿನ ಸಂಜೆಯೇ ಗೊತ್ತು ಮಾಡಿಕೊಳ್ಳಿ, ಬೆಳಿಗ್ಗೆ ಆರಕ್ಕೆ ಹೊರಟರೆ ಹತ್ತರೊಳಗೆ ಮುಗಿಯುತ್ತದೆ. ಅಲ್ಲಿಂದ ಹಳಿಯಾಳದ ದಾರಿ ಹಿಡಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಧಾರವಾಡದಲ್ಲಿರುತ್ತೀರಿ.